ಹತ್ತು ಗುಂಡಿಗೆ, ಕವಾಟ ಸಹಿತ

ಮೊದಲ ದಿನ ಶವದ ಮುಂದೆ ಮೂವರು ಕುಸಿದರು.
ನಾನು ಕುಸಿಯಲಿಲ್ಲ.
ಧೈರ್ಯಸ್ಥೆ, ಎಂದರು ತಾರಾಮತಿ ಮೇಡಂ.
ಧೈರ್ಯ ಅಲ್ಲ ಮೇಡಂ, ರೂಢಿ
ಎನ್ನಬೇಕಿತ್ತು. ಅನ್ನಲಿಲ್ಲ.
ತಂದೆಯ ಉದ್ಯೋಗ ಎಂಬ ಖಾನೆಯಲ್ಲಿ
ವ್ಯಾಪಾರ ಎಂದಷ್ಟೇ ಬರೆದವಳು ನಾನು,
ಪೆನ್ಷನ್ ಮೊಹಲ್ಲಾದ
ಹಸಿರು ಶಟರಿನ ಮಟನ್ ಅಂಗಡಿಯವಳು.

ಐದು ವರ್ಷಕ್ಕೇ ನನಗೆ ಗೊತ್ತಿತ್ತು
ಗುರ್ದಾ ಎರಡು, ದಿಲ್ ಒಂದು,
ಪಿತ್ತದ ಚೀಲ ಒಡೆದರೆ ಕಲೇಜಿಯೆಲ್ಲ ಕಹಿ.
ಸೀಟು ಸಿಕ್ಕ ದಿನ ನಾನಿ ಬೊಚ್ಚುಬಾಯಲ್ಲಿ ನಕ್ಕಿದ್ದಳು:
"ಕಲೇಜಿ ತಿಂದು ಬೆಳೆದೋಳು
ಕಾಲೇಜಿಗೆ ಹೋಗ್ದೆ ಇನ್ನೆಲ್ಲಿಗೆ ಹೋದಾಳು!"

ಈಗ ಅವೇ ಅಂಗಗಳು
ಲ್ಯಾಟಿನ್ನಿನ ಅಂಗಿ ತೊಟ್ಟು
ಗುರುತಿಲ್ಲದವರ ಹಾಗೆ ಎದುರು ಕೂತಿವೆ.
ಫಾರ್ಮಲಿನ್ನಿಗೆ ಕಣ್ಣುರಿ. ಬಣ್ಣವೆಲ್ಲ ಒಂದೇ,
ಆರಿದ ಚಹದ ಬಣ್ಣ.
ರಾತ್ರಿ ತಟ್ಟೆಯ ನಲ್ಲಿಮೂಳೆ ಎತ್ತಿ
ಇದು ಎಡಗಾಲೋ ಬಲಗಾಲೋ ಎಂದು ತಿರುಗಿಸುತ್ತ ಕೂತರೆ
ಅಮ್ಮಿ ಗದರುತ್ತಾಳೆ:
ತಿನ್ನೋದಾದ್ರೆ ತಿನ್ನು, ಓದೋದಾದ್ರೆ ಏಳು.

ಶ್ರಾವಣ. ಗಿರಾಕಿ ಕಡಿಮೆ.
ಅಟೆಂಡರ್ ಜವರಪ್ಪ ಸೈಕಲ್ ಒರಗಿಸಿ
ಅಬ್ಬಾನ ಕೈಗೊಂದು ಚೀಟಿ ಕೊಟ್ಟು ಹೋದನಂತೆ,
ಯಾರ ಅಂಗಡಿ ಎಂದು ತಿಳಿಯದೆ.
ರಾತ್ರಿ ಅದನ್ನು ನನ್ನ ಮುಂದಿಟ್ಟರು: ಓದು.
ನಮ್ಮದೇ ವಿಭಾಗದ ಮೊಹರು. ನೇರಳೆ ಶಾಯಿ.
ಕುರಿಯ ಹೃದಯ, ಹತ್ತು. ಕವಾಟ ಸಹಿತ.
ರಕ್ತನಾಳ ಗಿಡ್ಡ ಮಾಡದೆ.

"ಕವಾಟ ಅಂದ್ರೆ?"
ಮೂವತ್ತು ವರ್ಷ ದಿನವೂ ಗುಂಡಿಗೆ ಸೀಳಿದವರು
ಕೇಳಿದರು, ನನ್ನನ್ನು.
ಹೇಳಿದೆ.
"ಓ, ಆ ನೂಲು ನೂಲು ಇರುತ್ತಲ್ಲ?
ಅದನ್ನ ಕಿತ್ತು ಬೆಕ್ಕಿಗೆ ಹಾಕ್ತೀವಿ."

ಮಂಗಳವಾರ, ಬೆಳಗಿನ ಐದು.
ಹತ್ತನೇ ಕ್ಲಾಸಿನಿಂದೀಚೆ ಮೊದಲ ಸಲ
ಅಂಗಡಿಯ ಕೊರಡಿನ ಪಕ್ಕ ನಿಂತೆ.
ಹಾಸನದ ಮಂಜು ಇನ್ನೂ ರಸ್ತೆ ಬಿಟ್ಟಿರಲಿಲ್ಲ,
ಸಂತೆಗೆ ಹೊರಟ ಆಲೂಗೆಡ್ಡೆ ಲಾರಿ
ಹಾರ್ನು ಹೊಡೆದು ಹೊಡೆದು ದಾರಿ ಹುಡುಕುತ್ತಿತ್ತು.
ಮಹಾಧಮನಿ ಎರಡು ಬೆರಳು ಉದ್ದ ಇರಲಿ ಎಂದೆ.
"ಪೈಪು ಯಾರಿಗೆ ಬೇಕೇ" ಎಂದರು. ಆದರೂ ಬಿಟ್ಟರು.

ಅವರ ಚೂರಿ ಮೂಳೆಗೆ ತಾಗುವುದಿಲ್ಲ.
ಸಂದು ಎಲ್ಲಿದೆಯೆಂದು ಕೈಗೆ ಮೊದಲೇ ಗೊತ್ತು.
ನಾನು ಮೂರು ತಿಂಗಳು ಉರುಹೊಡೆದದ್ದನ್ನು
ಹೆಬ್ಬೆರಳು ಒಂದು ಸಲ ಒತ್ತಿ ಹೇಳಿಬಿಟ್ಟಿತು.
ಅವರಿಗೆ ಗೊತ್ತಿರದಿದ್ದದ್ದು ಇಷ್ಟು:
ಕದ ಮುಚ್ಚುವುದು ರಕ್ತವೇ.
ನೂಲುಗಳು ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ,
ಕದ ಹಿಂದಕ್ಕೆ ಮಗುಚಿಕೊಳ್ಳದ ಹಾಗೆ
ಬಿಗಿ ಹಿಡಿದಿರುತ್ತವೆ, ಹುಟ್ಟಿದಾಗಿನಿಂದ.
ಚೂರಿ ನಿಲ್ಲಿಸಿ ಕೇಳಿಸಿಕೊಂಡರು.
"ಬೆಕ್ಕಿಗೆ ಹಾಕಬಾರದಾಗಿತ್ತು," ಎಂದರು.

ಹನ್ನೊಂದು ಗಂಟೆಗೆ ಮೇಜಿನ ಮೇಲೆ
ಜವರಪ್ಪ ತಂದಿಟ್ಟದ್ದು ನಮ್ಮನೆಯ ಸ್ಟೀಲ್ ಡಬ್ಬಿ.
ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಡಲು ಅಬ್ಬಾಗೆ ಮನಸ್ಸಾಗಿಲ್ಲ.
ಅಮ್ಮಿಯ ಮದುವೆಗೆ ನಾನಿ ಕೊಟ್ಟದ್ದು,
ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು.
ಸಕಲೇಶಪುರದ ವಿಭಾ ಬೆರಳಿಟ್ಟು ಓದಿದಳು:
"ಜೈಬುನ್ನಿಸಾ. ಯಾರೇ ಇದು, ಡೋನರ್ರಾ?"
ಎಲ್ಲರೂ ನಕ್ಕರು.
ನಾನೂ ನಕ್ಕು ಸುಮ್ಮನಾಗುವವಳಿದ್ದೆ.
"ನಮ್ಮ ನಾನಿ," ಎಂದೆ. "ಅಂಗಡಿ ನಮ್ಮದು."

ಆಮೇಲೆ ಏನೂ ಆಗಲಿಲ್ಲ.
ಫ್ಯಾನು ತಿರುಗುತ್ತಿತ್ತು. ಮೇಡಂ ಗ್ಲೌಸು ಎಳೆದುಕೊಂಡು
"ಹಾಗಾದ್ರೆ ಮೊದಲ ಸೀಳು ನೀನೇ ಹಾಕು, ಮುನೀರಾ" ಎಂದರು.
ಒಳಗೆ ಬೆರಳು ಬಿಟ್ಟೆ. ತಣ್ಣಗೆ, ನುಣ್ಣಗೆ.
ನಾಳದ ಬಾಯಿಂದಲೇ ನೀರು ಬಿಟ್ಟು
ಮೂರು ಸಲ ತೊಳೆದಿದ್ದರು,
ಹಬ್ಬಕ್ಕೆ ಮನೆಗೆ ತರುವ ಹಾಗೆ.
ಒಂದು ನೂಲೂ ಕಡಿದಿರಲಿಲ್ಲ.

ಬಿಲ್ಲು ಮಾತ್ರ ಆಫೀಸಿನಿಂದ ವಾಪಸು ಬಂತು.
ಅಬ್ಬಾನ ದುಂಡು ಅಕ್ಷರ:
ಮೆಡಿಕಲ್ ಕಲೇಜಿಗೆ, ಗುಂಡಿಗೆ 10.
ಕಾಗುಣಿತ ತಪ್ಪು, ತಿದ್ದಿ ಕಳಿಸಿ, ಅಂದನಂತೆ ಗುಮಾಸ್ತ.
ಪೆನ್ನು ತೆಗೆದೆ.
ಅದಕ್ಕೆ ಮೊದಲು ನಾನಿಗೊಮ್ಮೆ ಓದಿ ಹೇಳಿದೆ.
ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತು.
ಮಾರನೆಯ ದಿನ
ಹಾಗೇ ಕಳಿಸಿದೆವು.